ಬಚ್ಚಲ ಒಲೆಗೆ ಹೋದ ರಾಗಗಳು

ಭಾಲ್ಕಿಯ ನಮ್ಮ ಓಣಿಯಲ್ಲಿ ಈಗಲೂ ಒಂದೆರಡು ಮನೆಯವರು ಚಳಿಗಾಲದ ಬೆಳಗ್ಗೆ ತೊಗರಿ ಕಟ್ಟಿಗೆ ಉರಿಸಿ ನೀರು ಕಾಯಿಸುತ್ತಾರೆ. ಕಟ್ಟಿಗೆ ಹೊತ್ತಿಕೊಳ್ಳಲೆಂದು ಮೊದಲು ಒಂದು ಹಾಳೆಯನ್ನು ಸುರುಳಿ ಮಾಡಿ ಒಳಗೆ ತುರುಕುತ್ತಾರಲ್ಲ, ಆ ಕಾಗದ ಸುಡುವ ವಾಸನೆ ಕಿಟಕಿಯಿಂದ ಬಂದರೆ ಸಾಕು, ನನ್ನ ಕೈಯಲ್ಲಿದ್ದ ಚಹಾ ಹಾಗೇ ಆರಿಹೋಗುತ್ತದೆ. ನಿಮಗೂ ಇಂಥದೊಂದು ವಾಸನೆ ಇದ್ದೀತು, ಈಗ ಯಾರ ಮನೆಯಲ್ಲೂ ಉಳಿಯದ ಯಾವುದೋ ಅಡುಗೆಮನೆಯದ್ದೋ ಅಟ್ಟದ್ದೋ. ನನ್ನದು ಬೀದರಿನ ಹಳೆಯ ಊರಿನೊಳಗಿದ್ದ ನಮ್ಮ ಮನೆಯ ಬಚ್ಚಲಿನದು. ಹೊಗೆ ಹಿಡಿದ ಕೆಂಪು ಕಲ್ಲಿನ ಗೋಡೆ, ತಾಮ್ರದ ಹಂಡೆ, ಹಂಡೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಒಲೆ ಊದುತ್ತಿದ್ದ ನಮ್ಮ ಅತ್ಯಾ. ಆಕೆಯ ಕೈಗೆ ಸದಾ ಪಿಟೀಲಿನ ಕಮಾನಿಗೆ ತಿಕ್ಕುವ ರಾಳದ ವಾಸನೆ ಇರುತ್ತಿತ್ತು. ಸಾಬೂನಿಗೂ ಅದು ಹೋಗುತ್ತಿರಲಿಲ್ಲ.

ಅತ್ಯಾ ಎಂದರೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಪಿಟೀಲನ್ನು ಬಿಡಲಿಲ್ಲ. ಹೈದರಾಬಾದು, ಸೊಲ್ಲಾಪುರ, ಕಲಬುರಗಿ ಎಂದು ಕಛೇರಿಗೆ ಹೋಗುತ್ತಿದ್ದಳು, ಬೆಳಗಿನ ಬಸ್ಸಿಗೆ ಮರಳುತ್ತಿದ್ದಳು. ಬಂದವಳು ಚಹಾ ಕುಡಿಯುವ ಮೊದಲೇ ಪಡಸಾಲೆಯಲ್ಲಿ ಕಾದು ಕುಳಿತ ಮಕ್ಕಳಿಗೆ ಪಾಠ ಶುರುಮಾಡುತ್ತಿದ್ದಳು. ಆ ಮಕ್ಕಳಿಗೆಲ್ಲ ಆಕೆ ‘ಬಾಯೋರು’. ಜನವಾಡದಿಂದ ಸೈಕಲ್ಲಿನಲ್ಲಿ ಬರುವವರಿದ್ದರು. ಔರಾದ ತಾಲೂಕಿನ ಚಿಂತಾಕಿಯಿಂದ ಸುಜಾತಕ್ಕ ಬರುತ್ತಿದ್ದಳು. ಎರಡು ಬಸ್ಸು ಬದಲಿಸಿ, ರೊಟ್ಟಿ ಗಂಟು ಕಟ್ಟಿಕೊಂಡು ಬರುತ್ತಿದ್ದ ಅವಳು ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಪಾಠದ ನಡುವೆ ಅವಳ ಕಣ್ಣು ಗೋಡೆಯ ಗಡಿಯಾರದ ಮೇಲೆಯೇ ಇರುತ್ತಿತ್ತು.

ಅತ್ಯಾ ಪಾಠವನ್ನೆಲ್ಲ ಕಾಗದದ ಮೇಲೆ ಬರೆಯುತ್ತಿದ್ದಳು. ಅಪ್ಪ ಸಾಲಿ ಮಾಸ್ತರರು. ಪರೀಕ್ಷೆ ಮುಗಿದ ಮೇಲೆ ಮಿಕ್ಕ ಪ್ರಶ್ನೆಪತ್ರಿಕೆಗಳನ್ನು ಅಕ್ಕನಿಗೆಂದು ತಂದುಕೊಡುತ್ತಿದ್ದರು. ಹಾಗಾಗಿ ನಮ್ಮ ಹಾಳೆಗಳ ಒಂದು ಬದಿಯಲ್ಲಿ ಬಹಮನಿ ಸುಲ್ತಾನರ ಆಡಳಿತವನ್ನು ವಿವರಿಸಿರಿ ಎಂದಿದ್ದರೆ ಇನ್ನೊಂದು ಬದಿಯಲ್ಲಿ ಭೂಪ ರಾಗ ಇರುತ್ತಿತ್ತು. ಒಂದು ಹಾಳೆ ಒಬ್ಬರದೇ ಕೈಗೆ. ಮೇಲೆ ಹೆಸರು, ಕೆಳಗೆ ಸ್ವರ, ಸ್ವರದ ಕೆಳಗೆ ಯಾವ ಬೆರಳು ಎಂಬ ಅಂಕಿ, ಕಮಾನು ಎಳೆಯುವುದಕ್ಕೂ ತಳ್ಳುವುದಕ್ಕೂ ಬೇರೆ ಬೇರೆ ಬಾಣ. ಸುಜಾತಕ್ಕನ ಕಿರುಬೆರಳು ಗಿಡ್ಡ, ಅವಳ ಹಾಳೆಯಲ್ಲಿ ಅದಕ್ಕೆ ಕೆಲಸ ಕಡಿಮೆ. ಅಂಚಿನಲ್ಲಿ ಬೈಗುಳವೂ ಇರುತ್ತಿತ್ತು. ‘ಇಲ್ಲಿ ಓಡಬ್ಯಾಡ, ನಿನ್ನ ಬಸ್ಸು ಇನ್ನೂ ಬಂದಿಲ್ಲ’ ಎಂದು ಸುಜಾತಕ್ಕನ ಹಾಳೆಯಲ್ಲಿ ಬರೆದದ್ದನ್ನು ಓದಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಹಾಳೆ ಪೂರ್ತಿ ಕೈಗೆ ಬಂತು ಎಂದು ಅತ್ಯಾ ಒಪ್ಪಿದ ದಿನ ಅದನ್ನು ನಾವೇ ಒಯ್ದು ಬಚ್ಚಲ ಒಲೆಗೆ ಹಾಕಬೇಕು. ಅದು ಆಕೆಯ ಕಾಯಿದೆ. ಕಾಗದ ಭಗ್ಗೆಂದು ಉರಿದು ಕಪ್ಪಾಗುತ್ತಿದ್ದ ಹಾಗೆ ಆಕೆ ಹಂಡೆಯಿಂದ ಒಂದು ತಂಬಿಗೆ ನೀರು ತುಂಬಿ ನಮ್ಮ ಎರಡೂ ಕೈಮೇಲೆ ಸುರಿಯುತ್ತಿದ್ದಳು. “ಈಗ ಕೈಯಾಗ ಹೋಯ್ತು. ಇನ್ನ ಯಾರೂ ಕಸ್ಕೊಳಂಗಿಲ್ಲ,” ಎನ್ನುತ್ತಿದ್ದಳು. ಲಗ್ನದ ಸುಗ್ಗಿಯಲ್ಲಿ ಪ್ರಶ್ನೆಪತ್ರಿಕೆ ಮುಗಿದು ಲಗ್ನಪತ್ರಿಕೆಯ ಹಿಂಬದಿಗೆ ಬರೆದಾಗ ಮಾತ್ರ ಅವ್ವನಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

“ಅಕ್ಕಾ, ಅರಿಷಿಣ ಹಚ್ಚಿದ ಕಾಗದ ಸುಡಬಾರದ್ರಿ.”

“ಅವರ ಲಗ್ನ ಆಗಿ ಕೂಸು ಸಾಲಿಗಿ ಹೊಂಟದ. ಈಗ ಸುಟ್ಟರ ಏನ್ ಮುರೀತದ?”

ಈ ಕಾಯಿದೆ ಯಾಕೆಂದು ಒಮ್ಮೆ ಕೇಳಿದ್ದೆ. ಆಕೆಗೆ ಕಲಿಸಿದ ಉಸ್ತಾದರು ಹೈದರಾಬಾದಿನವರು. ಅವರು ತೀರಿಕೊಂಡಾಗ ಗತ್ತುಗಳನ್ನು, ಅಂದರೆ ವಾದ್ಯಕ್ಕೆಂದೇ ಕಟ್ಟಿದ ರಚನೆಗಳನ್ನು, ಬರೆದಿಟ್ಟ ಗಂಟುಗಟ್ಟಲೆ ಕಾಗದ ಆಕೆಯ ಪಾಲಿಗೆ ಬಂದವಂತೆ. ಅವರವೇ ಗುರುತು, ಅವರವೇ ಗೀಟು, ಒಂದೂ ಬಿಡಿಸಲು ಆಗಲಿಲ್ಲ. “ಕಾಗದ ಉಳೀತು, ಗತ್ತು ಹೋಯ್ತು,” ಎಂದಳು. ಕಲಿಯದೆ ಉಳಿದ ಹಾಳೆಗಳನ್ನು ಮಾತ್ರ ಆಕೆ ಎಂದೂ ಸುಡಗೊಡಲಿಲ್ಲ. ಪಾಠ ಬಿಟ್ಟು ಹೋದ ಮಕ್ಕಳ ಹಾಳೆಗಳು ಟ್ರಂಕಿಗೆ ಸೇರುತ್ತಿದ್ದವು. ಮುಂದೊಂದು ದಿನ ಅವರು ಬಂದಾರು ಎಂಬ ಆಸೆ ಆಕೆಗೆ.

ನನ್ನ ಎಡಗೈಯ ಉಂಗುರ ಬೆರಳು ಸೊಟ್ಟ. ಚಿಕ್ಕವಳಿದ್ದಾಗ ತಲೆಬಾಗಿಲಿಗೆ ಸಿಕ್ಕಿಕೊಂಡದ್ದು. ಪಿಟೀಲಿನಲ್ಲಿ ಅದು ಮೂರನೆಯ ಬೆರಳು. ಆ ಬೆರಳಿಲ್ಲದೆ ಪಿಟೀಲು ನುಡಿಸುವುದೆಂದರೆ ಒಂದು ಮೆಟ್ಟಿಲು ಬಿದ್ದುಹೋದ ಪಾವಟಿಗೆ ಹತ್ತಿದಂತೆ. ಅತ್ಯಾ ಅದನ್ನು ನನಗೆ ಗೊತ್ತಾಗಗೊಡಲೇ ಇಲ್ಲ. ನನ್ನ ಹಾಳೆಗಳಲ್ಲಿ ಒಂದು, ಎರಡು, ನಾಲ್ಕು ಇಷ್ಟೇ. ಮೂರು ಬರುವ ಕಡೆಯಲ್ಲೆಲ್ಲ ಜಾರಿ ಹೋಗುವ ದಾರಿ ಹುಡುಕಿ ಬರೆದಿರುತ್ತಿದ್ದಳು. ಎಷ್ಟು ಹೊತ್ತು ಪಿಟೀಲು ಹಿಡಿದು, ತನ್ನ ನೆಟ್ಟಗಿನ ಬೆರಳನ್ನು ಮಡಚಿಟ್ಟುಕೊಂಡು, ನನ್ನ ಕೈಯನ್ನು ತನ್ನದಾಗಿಸಿಕೊಂಡು ಆ ದಾರಿ ಹುಡುಕಿದ್ದಳೋ! ಆಗ ಮಾತ್ರ ಎಲ್ಲರಿಗೂ ಹೀಗೇ ಇರುತ್ತದೆ ಎಂದುಕೊಂಡಿದ್ದೆ.

ನಾನು ಕಾಲೇಜು ಸೇರಿದ ವರ್ಷ ಆಕೆ ಭೀಮಪಲಾಸಿಯ ಒಂದು ಗತ್ತು ಬರೆದುಕೊಟ್ಟಳು. ತುದಿಯಲ್ಲಿ ಮೇಲಿನ ಗಾಂಧಾರದ ಮೇಲೆ ನಿಲ್ಲಬೇಕು. ಅದರ ಕೆಳಗೆ ಮೂರು ಎಂದಿತ್ತು. ನಾನು ಹಾಳೆಯನ್ನು ಆಕೆಯ ಮುಂದೆ ಹಿಡಿದೆ.

“ಅತ್ಯಾ, ತಪ್ಪಿ ಮೂರು ಬರ್ದಿ ನೋಡು.”

“ತಪ್ಪಿಲ್ಲ. ಈಗ ಆ ಬೆರಳಿಗಿ ತಾಕತ್ತು ಬಂದದ.”

“ಸೊಟ್ಟ ಅದಲ್ಲ, ಹ್ಯಾಂಗ ನಿಲ್ತದ?”

“ನಿಲ್ತದ. ಮುಂದಿನ ವಾರ ತೋರಸ್ತೀನಿ.”

ಆ ಮುಂದಿನ ವಾರ ಬರಲಿಲ್ಲ. ಅಷ್ಟರೊಳಗೆ ಆಕೆಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಕಿಟಕಿಯ ಕೆಳಗೆ ಮಲಗಿ ಎಡಗೈಯ ಬೆರಳುಗಳನ್ನು ಕೌದಿಯ ಮೇಲೆ ಆಡಿಸುತ್ತ ಎರಡು ವರ್ಷ ಇದ್ದಳು. ನನ್ನ ಹಾಳೆ ಟ್ರಂಕು ಸೇರಿತು. ಆಮೇಲೆ ಆಕೆ ಹೋದಳು, ನಾನು ಭಾಲ್ಕಿಗೆ ಮದುವೆಯಾಗಿ ಬಂದೆ, ಮನೆ ಬೇರೆಯವರಿಗೆ ಹೋಯಿತು. ಹಂಡೆ ಇದ್ದ ಜಾಗದಲ್ಲಿ ಈಗ ಯಾರದೋ ಮೋಟರ್ ಸೈಕಲ್ ನಿಲ್ಲುತ್ತದೆಯಂತೆ. ಟ್ರಂಕು ಮಾತ್ರ ನನ್ನ ಜೊತೆ ಬಂತು.

ಹೋದ ವರ್ಷ ದೂರದ ಒಂದು ಸಂಗೀತ ಕಾಲೇಜಿನಿಂದ ಒಬ್ಬ ತರುಣ ಬಂದ. ಬಹಳ ಮರ್ಯಾದಸ್ಥ. ಕೈಗೆ ಬಿಳಿ ಗವಸು ತೊಟ್ಟು ಟ್ರಂಕು ತೆಗೆದ. ಹಾಳೆಗಳನ್ನು ಗಾಜಿನ ಕಪಾಟಿನಲ್ಲಿ ಇಡುತ್ತಾರಂತೆ. “ಇದು ಅವರ ಇಡೀ ಜೀವನದ ಕೆಲಸ ಮೇಡಂ,” ಎಂದ. ನನಗೆ ನಗುವೂ ಬಂತು, ಅಳುವೂ ಬಂತು. ಆಕೆಯ ಜೀವನದ ಕೆಲಸ ನಮ್ಮ ಸ್ನಾನಕ್ಕೆ ನೀರು ಕಾಯಿಸಿತಪ್ಪಾ, ಇದು ಕಲಿಯದೆ ಉಳಿದದ್ದು ಎಂದೆ. ಅವನಿಗೆ ಅರ್ಥವಾಗಲಿಲ್ಲ. ಆದರೂ ಎಲ್ಲ ಕೊಟ್ಟೆ. ಯಾವ ಊರಿನ ಯಾವ ಮಗುವಾದರೂ ನೋಡಿ ಕಲಿತೀತು. ನನ್ನ ಹೆಸರಿನ ಹಾಳೆಯನ್ನು ಮಾತ್ರ ಕೊಡಲಿಲ್ಲ. ಅದೂ ಗಾಜಿನೊಳಗೆ ಹೋದರೆ ಅತ್ಯಾ ನನ್ನ ಬೆರಳಿನ ಮೇಲಿಟ್ಟ ನಂಬಿಕೆ ಬರೀ ಒಂದು ಅಂಕಿಯಾಗಿ ಉಳಿಯುತ್ತಿತ್ತು.

ಸುಜಾತಕ್ಕ ಈಗ ಔರಾದಿನಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಾಳೆ. ಅವಳ ಒಂದು ಹಾಳೆಯೂ ಟ್ರಂಕಿನಲ್ಲಿ ಇರಲಿಲ್ಲ, ಎಲ್ಲ ಸುಟ್ಟವಳು ಅವಳೊಬ್ಬಳೇ. ಒಂದು ರವಿವಾರ ಪಿಟೀಲು ಹೆಗಲಿಗೆ ಹಾಕಿಕೊಂಡು ಅವಳ ಬಾಗಿಲಿಗೆ ಹೋದೆ. ಅವಳು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು, ನನ್ನ ಕೈ ಹಿಡಿದು ನೋಡಿದಳು.

“ಬಾಯೋರು ನಿನಗ ಮೂರು ಬರ್ದಾರಲ್ಲ, ಮಂಗಲಾ!”

“ಹ್ಯಾಂಗ ಒತ್ತಬೇಕು ಅಂತ ಹೇಳಲಿಲ್ಲ ಅಕ್ಕಾ. ಅಷ್ಟರಾಗ ಮಾತೇ ಹೋಯ್ತು.”

“ನನಗ ಹೇಳ್ಯಾರ. ನನ್ನ ಗಿಡ್ಡ ಬೆರಳಿಗಿ. ತುದಿಲೆ ಒತ್ತಬ್ಯಾಡ, ಜರಾ ಹೊರಳಿಸಿ ಪಕ್ಕದಲೆ ಒತ್ತು. ಮೊಣಕೈ ಒಳಗ ತಗೋ.”

ಒತ್ತಿದೆ. ತಂತಿ ಕಿರ್ರೆಂದಿತು. ಅವಳ ಮೊಮ್ಮಗಳು ಕಿವಿ ಮುಚ್ಚಿಕೊಂಡು ಒಳಗೆ ಓಡಿದಳು. ಚಳಿಗಾಲ ಮುಗಿಯುವವರೆಗೆ ಪ್ರತಿ ರವಿವಾರ ಔರಾದಿನ ಬಸ್ಸು ಹತ್ತಿದೆ. ನೌಕರಿಯಿಂದ ನಿವೃತ್ತಳಾದವಳು ಮತ್ತೆ ವಿದ್ಯಾರ್ಥಿನಿಯಾದೆ. ಬೈಸಿಕೊಂಡೆ, ಗಡಿಯಾರ ನೋಡಿದ್ದಕ್ಕೂ ಬೈಸಿಕೊಂಡೆ. ಒಂದು ಮಧ್ಯಾಹ್ನ ಆ ಗಾಂಧಾರ ನಿಂತಿತು. ಅಲುಗದೆ, ಕಮಾನು ಮುಗಿಯುವವರೆಗೆ ನಿಂತಿತು. ಸುಜಾತಕ್ಕ ಎದ್ದು ಹಿತ್ತಲಿಗೆ ನಡೆದಳು.

ಅಲ್ಲಿ ಹಂಡೆಯ ಕೆಳಗೆ ತೊಗರಿ ಕಟ್ಟಿಗೆ ಒಟ್ಟಿತ್ತು, ಒಲೆ ತಣ್ಣಗಿತ್ತು. ನಾನು ಹಾಳೆಯನ್ನು ಇನ್ನೊಮ್ಮೆ ನೋಡಿದೆ. ನನ್ನ ಹೆಸರು, ಬಾಣಗಳು, ಅತ್ಯಾನ ದುಂಡನೆಯ ಮೂರು. ಆಕೆಯ ಕೈಬರಹ ನನ್ನ ಹತ್ತಿರ ಉಳಿದದ್ದು ಅದೊಂದೇ. ಸುರುಳಿ ಮಾಡಿ ಒಲೆಗೆ ತುರುಕಿ ಕಡ್ಡಿ ಗೀರಿದೆ. ಅದೇ ವಾಸನೆ ಬಂತು. ಸುಜಾತಕ್ಕ ಹಂಡೆಗೆ ತಂಬಿಗೆ ಅದ್ದಿ, “ಕೈ ಹಿಡಿ,” ಎಂದಳು. ನೀರು ಇನ್ನೂ ಕಾದಿರಲಿಲ್ಲ, ಕಾಯುವುದಾದರೂ ಹೇಗೆ? ಸೊಟ್ಟ ಬೆರಳಿನ ಮೇಲಿಂದ ಹರಿದುಹೋಗುವಾಗ ಮಾತ್ರ ಅದು ನನಗೆ ಬೆಚ್ಚಗೇ ಇತ್ತು.