ಕೆಳಮನೆಯವರು ಬೀಸಿದ ಬಾವುಟ

ಟಿವಿಯಲ್ಲಿ ಸ್ಕೀ ಜಂಪಿಂಗ್ ಶುರುವಾದರೆ ನಮ್ಮ ಕೆಳಮನೆಯವರಿಗೆ ಕುರ್ಚಿ ಬರೀ ನೆಪ. ಎದೆ ತೊಡೆಗೆ ತಾಗುವಷ್ಟು ಬಾಗಿ, ಎರಡೂ ತೋಳು ಹಿಂದಕ್ಕೆ ಚಾಚಿ, ಹಿಮ್ಮಡಿಯನ್ನು ನೆಲಕ್ಕೊತ್ತಿ ಕೂರುತ್ತಿದ್ದರು. ಅವರ ಐರಿಶ್ ಗಂಡ ಟೀ ಕಪ್ಪನ್ನು ಮೊದಲೇ ದೂರ ಸರಿಸಿಡುತ್ತಿದ್ದರು.

ಹರೆಯದಲ್ಲಿ ಜರ್ಮನಿಯಲ್ಲಿ ಅವರೂ ಹಾರಿದವರೇ. ಹಿಮದ ಇಳಿಜಾರಿನಲ್ಲಿ ಜಾರಿ ಬಂದು, ಗಾಳಿಯಲ್ಲಿ ತೇಲಿ, ದೂರ ಹೋಗಿ ಇಳಿಯುವ ಆಟ. ಆಗ ದೊಡ್ಡ ಸ್ಪರ್ಧೆಗಳೆಲ್ಲ ಗಂಡಸರಿಗೆ. ಜಾಡು ಸರಿಯಿದೆಯೇ ಎಂದು ನೋಡಲು ಮೊದಲು ಇವರನ್ನು ಹಾರಿಸುತ್ತಿದ್ದರಂತೆ. ಆ ಜಿಗಿತ ಲೆಕ್ಕಕ್ಕಿಲ್ಲ. ಉಪ್ಪು ನೋಡಲು ಕರೆದು ಪಂಕ್ತಿಯಲ್ಲಿ ಎಲೆ ಹಾಕದ ಹಾಗೆ! ಹೆಂಗಸರಿಗೆ ಒಲಿಂಪಿಕ್ಸ್ ಬಾಗಿಲು ತೆರೆಯುವ ಹೊತ್ತಿಗೆ ಇವರ ಮಂಡಿ ಹೋಗಿತ್ತು. ಕೇಳಿ ನನಗೆ ಮೈಯೆಲ್ಲ ಉರಿಯಿತು. ಅವರು ಮಾತ್ರ, "ಹಾರಿದ್ದು ನಾನೇ ತಾನೇ? ಅದನ್ನ ಯಾರು ಕಿತ್ಕೋತಾರೆ?" ಎಂದು ಕೇಕ್ ತಟ್ಟೆಯನ್ನು ನನ್ನತ್ತ ಸರಿಸಿದರು.

ನನ್ನ ಮಂಡಿಯ ಕಥೆ ಅಷ್ಟು ಘನವಾದದ್ದಲ್ಲ. ಐರ್ಲೆಂಡಿನ ಈ ಡನ್ ಲಿಯರಿ ಊರಿಗೆ ಬಂದ ಹೊಸತರಲ್ಲಿ ಕನ್ನಡದ ಗೆಳೆಯರ ಜೊತೆ ಬ್ಯಾಡ್ಮಿಂಟನ್ ಆಡುತ್ತಾ ಬಿದ್ದು ಲಿಗಮೆಂಟ್ ಹರಿದುಕೊಂಡೆ. ಆಪರೇಷನ್ ಆಯಿತು, ಡಾಕ್ಟರು "ಗ್ರ್ಯಾಂಡ್" ಎಂದರು, ಇಲ್ಲಿಯವರ ಬಾಯಲ್ಲಿ ಹಾಗೆಂದರೆ ಎಲ್ಲ ಸರಿಹೋಗಿದೆ ಎಂದು. ಆದರೆ ಮೆಟ್ಟಿಲ ತಲೆಯಲ್ಲಿ ನಿಂತರೆ ಕಾಲೇ ಏಳುತ್ತಿರಲಿಲ್ಲ. "ನನ್ ಕೈಲಾಗಲ್ಲ ಕಣೋ, ನಾನಿನ್ನು ಮನೇಲೇ ಬಿದ್ದಿರ್ತೀನಿ" ಎಂದು ಗಂಡನ ಮುಂದೆ ಗೋಳಾಡಿದೆ.

ಅಳು ಕೆಳಕ್ಕೂ ಕೇಳಿಸಿರಬೇಕು. ಮರುದಿನ ಅವರು ಮೆಟ್ಟಿಲ ಬುಡದಲ್ಲಿ ಪಾತ್ರೆ ಒರೆಸುವ ಟೀ ಟವೆಲ್ ಎತ್ತಿ ಹಿಡಿದು ನಿಂತಿದ್ದರು. ಅವರ ಆಟದಲ್ಲಿ ಕೋಚ್ ಗಾಳಿ ನೋಡಿ ಬಾವುಟ ಬೀಸಿದ ಮೇಲೆಯೇ ಹೊರಡಬೇಕು. ಬೀಸಿದ ಮೇಲೆ ಯೋಚಿಸುವಂತಿಲ್ಲ. ನನ್ನ ಮುಖವನ್ನೇ ನೋಡಿ ಟವೆಲ್ ಮಡಚಿದರು. "ಇವತ್ತು ಗಾಳಿ ಸರಿ ಇಲ್ಲ. ನಾಳೆ ನೋಡೋಣ." ನಾಲ್ಕು ಗೋಡೆಯೊಳಗಿನ ಮೆಟ್ಟಿಲಲ್ಲಿ ಎಲ್ಲಿಯ ಗಾಳಿ! ಹಾಗೆ ಎಷ್ಟೋ ದಿನ ನನ್ನ ಭಯವನ್ನು ಗಾಳಿಯ ತಲೆಗೆ ಕಟ್ಟಿ ವಾಪಸು ಹೋದರು. ನನ್ನ ಮಾನ ಉಳಿಸಿದ ಆ ಸುಳ್ಳಿಗೆ ನಾನು ಸಾಯುವ ತನಕ ಋಣಿ. ಒಂದು ಬೆಳಿಗ್ಗೆ ಟವೆಲ್ ಬೀಸಿಯೇ ಬಿಟ್ಟರು. ಇಳಿದೆ. ತಬ್ಬಿಕೊಂಡು ಅತ್ತೆ.

"ಲ್ಯಾಂಡಿಂಗ್ ಚೆನ್ನಾಗಿರ್ಲಿಲ್ಲ" ಎಂದರು.

ಹೋದ ಚಳಿಗಾಲದಲ್ಲಿ ಕ್ಯಾನ್ಸರ್ ಅವರನ್ನು ಕರೆದೊಯ್ದಿತು. ಚರ್ಚಿನಲ್ಲಿ ಪ್ರಾರ್ಥನೆ ಮುಗಿದು ಪೆಟ್ಟಿಗೆ ಎತ್ತುವಾಗ ಅವರ ಗಂಡ ನನ್ನತ್ತ ತಿರುಗಿ, "ನೀನೂ ಹೆಗಲು ಕೊಡ್ತೀಯಾ?" ಎಂದರು. ನಮ್ಮಲ್ಲಿ ಹೆಂಗಸರು ಹೆಗಲು ಕೊಡುವುದಿಲ್ಲ. ಅಪ್ಪ ಹೋದಾಗ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದ್ದರು.

"ಮಂಡಿ ಹುಷಾರು ಕಣೇ" ಎಂದು ನನ್ನ ಗಂಡ ಹಿಂದಿನಿಂದ ಪಿಸುಗುಟ್ಟಿದ. ಹೊರಗೆ ಕಲ್ಲಿನ ಮೆಟ್ಟಿಲುಗಳು ಮಳೆಗೆ ನೆಂದಿದ್ದವು. ಕೆಳಮನೆಯವರನ್ನು ಹೆಗಲ ಮೇಲಿಟ್ಟುಕೊಂಡು ಇಳಿದೆ.