ನೇತ್ರಾಣಿಗೆ ಹೋಗದ ದುರ್ಗಿ

ನನ್ನ ಅಕ್ಕ ದುರ್ಗಿಯ ಗಂಡ ದಾಸ ಭಾವನ ಬಗ್ಗೆ ನನ್ನ ಬಾಯಲ್ಲಿ ಒಳ್ಳೆಯ ಮಾತು ಬರುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವನು ಕುಡುಕನಲ್ಲ, ಕೈ ಎತ್ತುವವನಲ್ಲ, ಭಟ್ಕಳ ಬಂದರಿನಲ್ಲಿ ದೋಣಿ ನಡೆಸುವ ತಾಂಡೇಲರಲ್ಲಿ ಅವನಷ್ಟು ಗಾಳಿ ತಿಳಿದವನು ಇನ್ನೊಬ್ಬನಿಲ್ಲ ಎಂದು ಜನ ನನಗೆ ಬುದ್ಧಿ ಹೇಳುತ್ತಾರೆ. ಹೇಳಲಿ. ನನ್ನ ಗಂಡ ಶಿವ ಅವನ ದೋಣಿಯಲ್ಲೇ ದುಡಿಯುತ್ತಿದ್ದ ಕಾರಣಕ್ಕೆ ನಾನು ಎಷ್ಟೋ ವರ್ಷ ಬಾಯಿ ಮುಚ್ಚಿಕೊಂಡು ಇದ್ದೆ.

ಜಾಲಿಯ ದಂಡೆಯಲ್ಲಿ ನಮ್ಮಿಬ್ಬರ ಮನೆಗಳು ಒಂದೇ ಬೇಲಿಗೆ ತಾಗಿಕೊಂಡಿದ್ದವು. ಅಕ್ಕ ಬೆಳಿಗ್ಗೆ ಬುಟ್ಟಿ ಹೊತ್ತು ಭಟ್ಕಳದ ನವಾಯತ ಮುಸಲ್ಮಾನರ ಮನೆಗಳಿಗೆ ಮೀನು ಮಾರಲು ಹೋಗುವವಳು. ಕೊಂಕಣಿಯಂಥ ಅವರ ಭಾಷೆಯಲ್ಲೇ ಜಗಳವಾಡಿ, ಅವರ ಭಾಷೆಯಲ್ಲೇ ನಗಿಸಿ ಬುಟ್ಟಿ ಖಾಲಿ ಮಾಡಿಕೊಂಡು ಬರುತ್ತಿದ್ದಳು. ಆ ಮನೆಗಳ ಹೆಂಗಸರು ದುಬೈಯಿಂದ ಬಂದ ಫೋಟೋಗಳನ್ನು ಅವಳಿಗೆ ತೋರಿಸುತ್ತಿದ್ದರು. ಹಾಗಾಗಿ ದುಬೈಯ ಸಮುದ್ರ ಹೇಗಿದೆಯೆಂದು ಅಕ್ಕನಿಗೆ ಗೊತ್ತಿತ್ತು. ನಮ್ಮ ಅಂಗಳದಿಂದ ಕಾಣುವ, ಸಮುದ್ರದ ನಡುವಿನ ನೇತ್ರಾಣಿ ಗುಡ್ಡ ಹೇಗಿದೆಯೆಂದು ಗೊತ್ತಿರಲಿಲ್ಲ.

ಆ ಗುಡ್ಡಕ್ಕೆ ನಮ್ಮ ಕೇರಿಯ ದೋಣಿಗಳು ವರ್ಷಕ್ಕೊಮ್ಮೆ ಜಟಕ ದೇವರಿಗೆ ಕಾಣಿಕೆ ಕೊಡಲು ಹೋಗುತ್ತವೆ. ಕಾಯಿ, ಅವಲಕ್ಕಿ, ಬೆಲ್ಲ, ಹಿಂಗಾರ, ಬಿಟ್ಟು ಬರಲು ಒಂದು ಜೀವಂತ ಹುಂಜ. ಇದನ್ನೆಲ್ಲ ಮಿಂದು ಮಡಿಯಲ್ಲಿ ಕಟ್ಟಿಕೊಡಬೇಕಾದವಳು ದೋಣಿಯ ಮನೆಯವಳು. ಕಟ್ಟಿಕೊಟ್ಟ ಮೇಲೆ ದೋಣಿ ತಿರುಗಿ ದಂಡೆ ಮುಟ್ಟುವ ತನಕ ಅವಳು ಅನ್ನ ಮುಟ್ಟುವ ಹಾಗಿಲ್ಲ. ದೋಣಿ ಏರುವ ಹಾಗಂತೂ ಇಲ್ಲವೇ ಇಲ್ಲ. ಅಕ್ಕ ಹತ್ತೊಂಬತ್ತು ಸಲ ಕಟ್ಟಿಕೊಟ್ಟಿದ್ದಳು, ಹತ್ತೊಂಬತ್ತು ಸಲ ಹಸಿದಿದ್ದಳು. ಹೊಟ್ಟೆಯಲ್ಲಿ ಮಗುವಿದ್ದಾಗಲೂ ಬಿಟ್ಟಿರಲಿಲ್ಲ.

ಮದುವೆಯಾದ ಮೊದಲ ವರ್ಷ ಅವಳು ಕೇಳಿದ್ದಳಂತೆ, ಅಲ್ಲಿ ಎಂತ ಇದೆ ಎಂದು. "ಕಲ್ಲು, ಹಕ್ಕಿ ಹೇಲು. ಇನ್ನೆಂತ ಇರ್ತದೆ?" ಎಂದನಂತೆ ಭಾವ. ಆಮೇಲೂ ಅವಳು ಆಗಾಗ ಕೇಳಿದ್ದಳು, ಅವನು ಅದೇ ಉತ್ತರ ಕೊಟ್ಟಿದ್ದ. ಒಂದು ಸಲ ಕರಕೊಂಡು ಹೋಗಿ ಎಂದದ್ದಕ್ಕೆ ಅವನು ನಕ್ಕನಂತೆ. ಆ ನಗುವಿನ ವಿಷಯ ಅಕ್ಕ ನನಗೆ ಹೇಳಿದ್ದು ಹತ್ತು ವರ್ಷ ಕಳೆದ ಮೇಲೆ.

ಎಂಬತ್ತಮೂರನೇ ಇಸವಿಯ ಜನವರಿಯಲ್ಲಿ ಬೊಂಬಾಯಿಯಿಂದ ಒಂದು ಜೋಡಿ ಬಂತು. ಹೊಸದಾಗಿ ಮದುವೆಯಾದವರು. ಗಂಡ ಹಿಂದೆ ನಮ್ಮ ಬಂದರಿನಲ್ಲಿ ಎರಡು ವರ್ಷ ಸರ್ಕಾರಿ ಕೆಲಸದಲ್ಲಿದ್ದವನು, ಭಾವನ ಪರಿಚಯದವನು. ಗೋವೆಯಲ್ಲಿ ಜನ ಜಾಸ್ತಿ, ನಮಗೆ ಯಾರೂ ಇಲ್ಲದ ದ್ವೀಪಗಳು ಬೇಕು, ನಾವಿಬ್ಬರೇ ಇರಬೇಕು ಎಂದು ಕಾಗದ ಬರೆದಿದ್ದನಂತೆ. ಯಾರೂ ಇಲ್ಲದ ಜಾಗ ಬೇಕು, ಆದರೆ ದೋಣಿ ನಡೆಸುವವರು, ಮೀನು ಹುರಿಯುವವರು, ನೀರು ಹೊರುವವರು ಇರಬೇಕು. ಅಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಾಲ್ಕು ಸಂಜೆ ಅಕ್ಕನ ಜಗಲಿಯಲ್ಲಿ ತಯಾರಿ ನಡೆಯಿತು. ನಾನು ಬಾಲವಾಡಿಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದೆ. ಭಾವ ನನ್ನಿಂದ ಒಂದು ಪಾಟಿ ತರಿಸಿಕೊಂಡು ಅದರ ಮೇಲೆ ಗುಡ್ಡಗಳನ್ನು ಬರೆದ. ಮೊದಲ ದಿನ ನೇತ್ರಾಣಿ, ರಾತ್ರಿಗೆ ಮುರ್ಡೇಶ್ವರದ ದಂಡೆ. ಎರಡನೇ ದಿನ ಹೊನ್ನಾವರದ ಎದುರಿನ ಬಸವರಾಜ ದುರ್ಗ, ಅಲ್ಲಿಯ ಹಳೇ ಕೋಟೆಯ ಗೋಡೆ. ಮೂರನೇ ದಿನ ಸಣ್ಣ ಸಣ್ಣ ಕಲ್ಲುಗುಡ್ಡಗಳನ್ನು ನೋಡಿಕೊಂಡು ಹೊಳನಗದ್ದೆಯ ಬದಿಗೆ ಇಳಿದರೆ ಕುಮಟಾದಿಂದ ಬಸ್ಸು. ಮರಾಠಿ ಕೊಂಕಣಿ ಬೆರೆಸಿ ಅವನು ಮಾತಾಡುತ್ತಿದ್ದ. ಮನೆಯಲ್ಲಿ ಮೂರು ಮಾತಿಗೆ ಒಂದು ಉತ್ತರ ಕೊಡುವವನು ಅಲ್ಲಿ ಬಾಯಿ ಮುಚ್ಚಿದರೆ ಕೇಳಿ.

ಮೂರನೇ ಸಂಜೆ ಅಡಿಗೆಮನೆಯ ಬಾಗಿಲಲ್ಲಿ ನಾನು ಮತ್ತು ಅಕ್ಕ ನಿಂತು ಕೇಳಿದೆವು. ನೇತ್ರಾಣಿಯ ಹತ್ತಿರ ನೀರು ಎಷ್ಟು ತಿಳಿ ಎಂದರೆ ಹತ್ತು ಮಾರು ಕೆಳಗಿನ ಕಲ್ಲನ್ನು ಎಣಿಸಬಹುದಂತೆ. ಹಳದಿ, ನೀಲಿ ಗೆರೆ ಎಳೆದ ಸಣ್ಣ ಮೀನುಗಳು ಕೈಯ ಹತ್ತಿರಕ್ಕೇ ಬರುತ್ತವಂತೆ. ಆಮೆಗಳು ತಲೆಯೆತ್ತಿ ನೋಡಿ ಮುಳುಗುತ್ತವಂತೆ. ಎಂಜಿನ್ ನಿಲ್ಲಿಸಿ ಒಂದು ಕೂಗು ಹಾಕಿದರೆ ಗುಡ್ಡದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದು ಆಕಾಶ ಕಪ್ಪಾಗುತ್ತದಂತೆ. ಆ ಹುಡುಗಿಯ ಕಡೆ ತಿರುಗಿ, ಬಾಯಿಯವರು ಹೆದರುವುದು ಬೇಡ, ಹತ್ತುವಾಗ ಕೈ ಹಿಡಿಯಲು ನಾನಿದ್ದೇನೆ ಎಂದ.

ಅಕ್ಕನ ಕೈಯಲ್ಲಿ ಚಾ ಲೋಟಗಳಿದ್ದವು. ಅವನ್ನು ನನ್ನ ಕೈಗೆ ಕೊಟ್ಟು ಒಲೆಯ ಮುಂದೆ ಹೋಗಿ ಕೂತಳು. ಹತ್ತೊಂಬತ್ತು ವರ್ಷ ಅವನು ಅದನ್ನೆಲ್ಲ ನೋಡಿದ್ದ. ಮನೆಗೆ ತಂದದ್ದು ಹಕ್ಕಿ ಹೇಲು ಎಂಬ ಎರಡು ಮಾತು ಮಾತ್ರ. ನನಗೆ ಆ ಲೋಟಗಳನ್ನು ಅವನ ಮೋರೆಗೆ ಎರಚಬೇಕೆನಿಸಿತ್ತು. ಎರಚಲಿಲ್ಲ, ತೆಗೆದುಕೊಂಡು ಹೋಗಿ ಕೊಟ್ಟೆ.

ಆ ಜೋಡಿ ಲಾಡ್ಜಿಗೆ ಹೋದ ಮೇಲೆ ಭಾವ ಒಳಗೆ ಬಂದು, ನಾಡಿದ್ದು ಬೆಳಿಗ್ಗೆಗೆ ಕಾಣಿಕೆ ಕಟ್ಟಿಡು ಎಂದ. ಗುಡ್ಡಕ್ಕೆ ದೋಣಿ ತಾಗಿಸುವುದಾದರೆ ಬರಿಗೈಯಲ್ಲಿ ಆಗುವುದಿಲ್ಲ.

"ಮೂರು ದಿನ ಉಪವಾಸವಾ?" ಎಂದಳು ಅಕ್ಕ.

"ಬಾಳೆಹಣ್ಣು ತಿನ್ನು. ಯಾರು ಬೇಡ ಅಂತ್ರು?"

"ನಾನೂ ಬರ್ತೆ. ದೋಣಿಲಿ ಹೆಂಗಸು ಕೂತ್ರೆ ಆತದೆ ಅಂತ ಆಯ್ತಲ್ಲ."

"ಅವ್ರು ಪ್ಯಾಸೆಂಜರು. ಮಾಬ್ಲ ಮಾವನ ಹತ್ರ ಕೇಳಿದ್ದೆ. ಹೊರಗಿನವ್ರಿಗೆ ನಮ್ಮ ಕಟ್ಟು ತಾಗೂದಿಲ್ಲ. ಮನೆಯವಳು ಹತ್ತಿದ್ರೆ ದೋಣಿ ಕೆಡ್ತದೆ."

ಮಾಬ್ಲ ಮಾವ ಎಂದರೆ ಕೇರಿಯ ಹಿರಿಯ. ಗಂಡಸರಿಗೆ ಬೇಕಾದ ಉತ್ತರ ಅವನಲ್ಲಿ ಯಾವಾಗಲೂ ತಯಾರಿರುತ್ತಿತ್ತು.

"ಆತು. ಹಂಗಾರೆ ಆ ನೀರಿನ ಸುದ್ದಿ, ಮೀನಿನ ಸುದ್ದಿ ಅವ್ಳಿಗೆ ಹೇಳಿದ್ರಲ್ಲ, ನಂಗೆ ಯಾಕೆ ಹೇಳ್ಲಿಲ್ಲ?"

ಭಾವ ಸ್ವಲ್ಪ ಯೋಚಿಸಿದ. ಸಿಟ್ಟಿನಿಂದ ಹೇಳಲಿಲ್ಲ, ಅದೇ ನನಗೆ ಇವತ್ತಿಗೂ ಸಹಿಸಲಾಗದ್ದು.

"ನೀ ಹೋಗೂದಿಲ್ಲಲ್ಲ, ಹೇಳಿ ಎಂತ ಮಾಡೂದು?" ಎಂದ.

ಹೊರಡುವ ದಿನ ಬೆಳಿಗ್ಗೆ ನಾನು ದಂಡೆಗೆ ಹೋದಾಗ ಅಕ್ಕ ದೋಣಿಯಲ್ಲಿ ಕೂತಿದ್ದಳು. ಮಿಂದ ತಲೆ, ಮದುವೆಯಲ್ಲಿ ಉಡುವ ಸೀರೆ, ಮಡಿಲಲ್ಲಿ ಕಾಣಿಕೆಯ ಗಂಟು, ಪಕ್ಕದಲ್ಲಿ ಕಾಲು ಕಟ್ಟಿದ ಹುಂಜ. ದೋಣಿಯಲ್ಲಿ ದುಡಿಯುವ ಕುಪ್ಪ ಅವಳನ್ನು ಕಂಡದ್ದೇ ನೀರಿಗೆ ಹಾರಿ ದೂರ ನಿಂತ. ಶಿವನೂ ಇಳಿದ. ಭಾವ ಬಂದು ಮೆಲ್ಲಗೆ, "ಇಳಿ" ಎಂದ. ಅಕ್ಕ ಮರಳಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದ ಬೊಂಬಾಯಿ ಹುಡುಗಿಯನ್ನು ತೋರಿಸಿದಳು.

"ಅವ್ಳು ಹತ್ಲಿ, ನಾನೂ ಇರ್ತೆ. ಮೂಲೆಲಿ ಕೂತ್ಕಳ್ತೆ. ಮಾತಾಡೂದಿಲ್ಲ."

ಅಕ್ಕ ಯಾರ ಹತ್ತಿರವೂ ಹಾಗೆ ಕೇಳಿಕೊಂಡದ್ದನ್ನು ನಾನು ನೋಡಿರಲಿಲ್ಲ. ಮಾರುಕಟ್ಟೆಯಲ್ಲಿ ಹತ್ತು ಗಂಡಸರ ಬಾಯಿ ಮುಚ್ಚಿಸುವವಳು ಅವಳು. ಆ ಹುಡುಗಿ ದೋಣಿಯ ಹತ್ತಿರ ಬಂದವಳು, ಇವರೂ ಬರುತ್ತಾರಾ, ನಾವಿಬ್ಬರೇ ಅಂತ ಮಾತಾಗಿತ್ತಲ್ಲ ಎಂದು ಗಂಡನಿಗೆ ಮರಾಠಿಯಲ್ಲಿ ಹೇಳಿದಳು. ಅಕ್ಕನಿಗೆ ಅದು ಅರ್ಥವಾಗುತ್ತದೆಂದು ಅವಳಿಗೆ ಹೊಳೆದಿರಲಿಕ್ಕಿಲ್ಲ. ಹೊಳೆದಿದ್ದರೂ ಹೇಳುತ್ತಿದ್ದಳೋ ಏನೋ.

ಭಾವ ಒಮ್ಮೆ ಅಕ್ಕನನ್ನು ನೋಡಿದ, ಒಮ್ಮೆ ಸಮುದ್ರವನ್ನು ನೋಡಿದ. ಆಮೇಲೆ ಆ ಜೋಡಿಯ ಕಡೆ ತಿರುಗಿ, ಗಾಳಿ ಕೆಟ್ಟಿದೆ, ಇವತ್ತಲ್ಲ, ಇನ್ನು ನಾಲ್ಕು ದಿನ ಆಗುವುದಿಲ್ಲ ಎಂದ.

ಸಮುದ್ರ ತಟ್ಟೆಯ ಹಾಗೆ ಬಿದ್ದುಕೊಂಡಿತ್ತು. ಬೇರೆ ದೋಣಿಗಳೆಲ್ಲ ಹೋಗಿ ಒಂದು ತಾಸಾಗಿತ್ತು. ಹೆಂಡತಿಯನ್ನು ಕೂರಿಸಿಕೊಳ್ಳುವುದಕ್ಕಿಂತ ನಾಲ್ಕು ದಿನದ ತಯಾರಿ, ಸಿಗಬೇಕಾದ ಬಾಡಿಗೆ, ತನ್ನ ಮಾತು ಎಲ್ಲ ಹೋದರೂ ಅಡ್ಡಿಯಿಲ್ಲ ಅನಿಸಿತು ಅವನಿಗೆ. ಅಕ್ಕ ಎದ್ದು ನಿಂತು, ಗಾಳಿ ಸರಿ ಇದೆ, ಇವರು ಸುಳ್ಳು ಹೇಳುತ್ತಿದ್ದಾರೆ ಎಂದು ಕೊಂಕಣಿಯಲ್ಲಿ ಕೂಗಿ ಹೇಳಿದಳು. ಬೊಂಬಾಯಿ ಹುಡುಗಿಯ ಗಂಡ ಅಕ್ಕನನ್ನೂ ನೋಡಿದ, ಭಾವನನ್ನೂ ನೋಡಿದ. ತಾಂಡೇಲನ ಮಾತನ್ನೇ ನಂಬಿದ. ಮಧ್ಯಾಹ್ನದ ಬಸ್ಸಿಗೆ ಅವರು ಗೋವೆಗೆ ಹೋದರಂತೆ.

ಅವರು ಮರೆಯಾದ ಮೇಲೆ ಅಕ್ಕ ಹುಂಜದ ಕಾಲು ಬಿಚ್ಚಿ ಮರಳಿಗೆ ಬಿಟ್ಟಳು. ಗಂಟು ಬಿಚ್ಚಿ ದೇವರ ಅವಲಕ್ಕಿಯನ್ನು ದೋಣಿಯಲ್ಲೇ ಕೂತು ಮುಷ್ಟಿ ಮುಷ್ಟಿಯಾಗಿ ತಿಂದಳು. ಮಾಬ್ಲ ಮಾವ ದಂಡೆಯಿಂದ ಬೈದ. ಅವಳು ಜಗಿಯುವುದನ್ನು ನಿಲ್ಲಿಸಲಿಲ್ಲ. ಇಳಿದು ಬರುವಾಗ ಎಲ್ಲರಿಗೂ ಕೇಳುವ ಹಾಗೆ, "ಇನ್ನು ನನ್ನ ಕೈಯಿಂದ ಒಂದು ಕಾಯಿ ಹೋಗೂದಿಲ್ಲ" ಎಂದಳು.

ಮಳೆಗಾಲ ಕಳೆದು ಕಾಣಿಕೆಯ ದಿನ ಬಂತು. ಅಕ್ಕ ಹೇಳಿದ ಹಾಗೇ ಮಾಡಿದಳು, ಒಂದು ಕಡ್ಡಿಯನ್ನೂ ಎತ್ತಲಿಲ್ಲ. ಕಾಣಿಕೆ ಕೊಡದ ದೋಣಿಯಲ್ಲಿ ಬರುವುದಿಲ್ಲ ಎಂದು ಕುಪ್ಪ ಬೇರೆ ಕಡೆ ಸೇರಿಕೊಂಡ. ಒಂದು ದಿನ ಭಾವ ನಮ್ಮ ಬೇಲಿ ದಾಟಿ ಬಂದ.

"ಗಂಗೆ, ನೀನೇ ಕಟ್ಟಿಕೊಡು. ಶಿವನೂ ಅದೇ ದೋಣಿಲಿ ಇರೂದು," ಎಂದ.

ಬಾಯಿಗೆ ಬಂದ ಹಾಗೆ ಬೈದೆ ಅವನಿಗೆ. ಇಷ್ಟು ವರ್ಷ ನುಂಗಿಕೊಂಡದ್ದನ್ನೆಲ್ಲ ಕಾರಿದೆ. ಅವನು ತಲೆ ತಗ್ಗಿಸಿಕೊಂಡು ಕೇಳಿ ಹೋದ. ಆಮೇಲಿನ ಮೂರು ದಿನ, ಕಾಣಿಕೆ ಹೋಗದ ಆ ದೋಣಿಯಲ್ಲಿ ಶಿವ ಹೋಗಿ ಬರುವ ತನಕ ನನಗೆ ಜೀವದಲ್ಲಿ ಜೀವವಿರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಮಿಂದು, ಕಾಯಿ, ಅವಲಕ್ಕಿ, ಬೆಲ್ಲ ಕಟ್ಟಿ ನಾನೇ ದಂಡೆಗೆ ಕೊಂಡುಹೋಗಿ ಕೊಟ್ಟೆ.

ಮನೆಗೆ ಬಂದರೆ ಅಕ್ಕ ತನ್ನ ಬಾಗಿಲಲ್ಲಿ ಕೂತು ಗಂಜಿ ಊಟ ಮಾಡುತ್ತಿದ್ದಳು, ಹುರಿದ ಬಂಗಡೆ ಹಾಕಿಕೊಂಡು. ನನ್ನ ಒದ್ದೆ ತಲೆ ನೋಡಿದಳು. ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಹಸಿವಾತಾ ತಂಗಿ?" ಎಂದಳು.

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಸಂಜೆಗೆ ದೋಣಿ ಬಂತು, ಶಿವನೂ ಬಂದ. ಭಾವನ ಜೊತೆ ಅಕ್ಕ ಒಂದೆರಡು ತಿಂಗಳಲ್ಲಿ ಮತ್ತೆ ಮಾತಾಡತೊಡಗಿದಳು. ನನ್ನ ಜೊತೆ ಅವಳು ಆಡಿದ ಕೊನೆಯ ಮಾತು ಅದೇ.