ಸಾಂಗ್ಲಿವಾಡಿಯಿಂದ ಮತ್ತೆ ಮತ್ತೆ ಬಂದ ಒಲೆ

ಖಂಡೇರಾಜುರಿಯ ಕುರಿಗಾರರ ಮನೆಯಲ್ಲಿ ಹುಟ್ಟಿದ ಕಾಡಸಿದ್ದಪ್ಪನಿಗೆ ಅಪ್ಪನಿಂದ ಬಂದ ಆಸ್ತಿಯೆಂದರೆ ಎರಡು ಕಿವಿ. ಅಪ್ಪ ಕಂಬಳಿ ಹೊದ್ದು ಮಲಗಿದಲ್ಲಿಂದಲೇ ಹಿಂಡಿನಲ್ಲಿ ಕೆಮ್ಮಿದ ಕುರಿ ಯಾವುದೆಂದು ಹೇಳುತ್ತಿದ್ದನಂತೆ. ಮಗ ಕುರಿ ಬಿಟ್ಟು ಮಿರಜಕ್ಕೆ ಬಂದ, ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಮೋಟರ್ ರಿಪೇರಿ ಅಂಗಡಿ ಇಟ್ಟ. ಸ್ಕ್ರೂಡ್ರೈವರಿನ ತುದಿಯನ್ನು ತಿರುಗುವ ಮೋಟರಿಗೆ ಮುಟ್ಟಿಸಿ, ಹಿಡಿಕೆಯನ್ನು ಕಿವಿಗೊತ್ತಿ ಕಣ್ಣು ಮುಚ್ಚಿದನೆಂದರೆ ಸಾಕು, ಅಚ್ಚು ತಿರುಗುವ ಬುಶ್ ಸವೆದಿದೆಯೋ ತಂತಿ ಸುತ್ತಿದ ಕಾಯಿಲ್ ಸುಟ್ಟಿದೆಯೋ ತಿಳಿದುಬಿಡುತ್ತಿತ್ತು. ಮೀಟರ್ ಹಚ್ಚುತ್ತಿದ್ದುದು ಗಿರಾಕಿಯ ಸಮಾಧಾನಕ್ಕೆ.

ಆಮೇಲೆ ಕಾಲ ತಿರುಗಿತು. ಸಾಂಗ್ಲಿಗೂ ಮಿರಜಕ್ಕೂ ನಡುವೆ ಜೋಳ ಬೆಳೆಯುತ್ತಿದ್ದ ನೆಲದಲ್ಲಿ ಶೋರೂಮುಗಳು ಎದ್ದವು. ಚೀನಾದ ಫ್ಯಾನುಗಳು ರಾಶಿರಾಶಿ ಬಂದು ಬಿದ್ದವು. ಕೆಟ್ಟದ್ದನ್ನು ಎಸೆದು ಹೊಸದು ತರುವವನೇ ಜಾಣ ಎಂದಾಯಿತು. ಇಂಥ ಜಾಣರ ನಡುವೆ ರಿಪೇರಿಯವನ ಹೊಟ್ಟೆ ತುಂಬುವುದು ಹೇಗೆ? ಅಂಗಡಿ ಇನ್ನೇನು ಮುಚ್ಚಬೇಕು ಎನ್ನುವಾಗ ಬಂದವು ಪೆಲೆಟ್ ಒಲೆಗಳು. ಕಬ್ಬಿನ ಸಿಪ್ಪೆ, ಶೇಂಗಾ ಹೊಟ್ಟು ಒತ್ತಿ ಮಾಡಿದ ಗುಳಿಗೆಗಳನ್ನು ತುಂಬಿ ಹಚ್ಚುವ ಒಲೆ. ಊದುಗೊಳವೆಯ ಕೆಲಸಕ್ಕೆ ಬುಡದಲ್ಲೊಂದು ಸಣ್ಣ ಫ್ಯಾನು. ಹೊಗೆಯಿಲ್ಲ, ಕಣ್ಣೀರಿಲ್ಲ ಎಂದು ಜೀಪಿನಲ್ಲಿ ಕೂಗುತ್ತ ಮಾರಿದ ಕಂಪನಿ ಕೆಲವೇ ವರ್ಷದಲ್ಲಿ ಗಂಟುಮೂಟೆ ಕಟ್ಟಿತು. ಒಲೆಗಳು ಉಳಿದವು. ಅವುಗಳ ಮೋಟರ್ ಕೆಟ್ಟರೆ ಇಡೀ ಊರಿಗೆ ಕಾಡಸಿದ್ದಪ್ಪನೇ ಗತಿ.

ಅಂಥದರಲ್ಲಿ ಸಾಂಗ್ಲಿವಾಡಿಯ ಮಹಾವೀರನ ಮನೆಯ ಒಲೆ ಅವನ ಮಾನ ತೆಗೆಯತೊಡಗಿತು.

ಮೊದಲ ಸಲ ಬಂದಾಗ ಬುಶ್ ಸವೆದು ಹೋಗಿತ್ತು, ಹೊಸದು ಕೂರಿಸಿದ. ತಿಂಗಳೊಳಗೆ ಒಲೆ ಮತ್ತೆ ಬಂತು. ಈ ಸಲ ಮೋಟರನ್ನೇ ಬದಲಿಸಿದ. ಅದೂ ಬಂತು. ಮೂರನೆಯ ಸಲ ಮುಂಬೈಯಿಂದ ತರಿಸಿದ ಒಳ್ಳೆಯ ಮೋಟರ್ ಹಾಕಿ, ಅಂಗಡಿಯಲ್ಲೇ ಬೆಂಕಿ ಹಚ್ಚಿ, ಬೆಳಗಿನಿಂದ ಸಂಜೆಯವರೆಗೆ ಓಡಿಸಿ ಕೇಳಿದ. ಬೀಸುವ ಕಲ್ಲಿನಂತೆ ಒಂದೇ ಸಮನೆ ಗುಂಯ್‌ಗುಟ್ಟಿತು. ಕಳಿಸಿಕೊಟ್ಟ. ಮಹಾವೀರ ಮತ್ತೆ ಸ್ಕೂಟರಿನಲ್ಲಿ ಅದನ್ನು ಹೊತ್ತು ತಂದ.

"ಕಾಡಸಿದ್ದಪ್ಪ ಕಾಕಾ, ಮತ್ತ ನಿಂತೈತ್ರಿ."

"ಮನ್ಯಾಗ ಏನರ ಬ್ಯಾರೆ ಮಾಡ್ತೀರೇನ್ರಿ ಇದಕ್ಕ?"

"ಅಡಗಿಮನಿ ಸುದ್ದಿ ನನಗೇನ ಗೊತ್ತರಿ? ಜಳಕ ಮಾಡಿ ಮಡಿ ಉಡೂತನಕ ನನಗೂ ಹೊಸ್ತಿಲದಾಚೇನ ಜಾಗಾ. ಶಾಲನಂದು ಅಂಥಾ ಶಿಸ್ತು."

ಶಾಲನ ಎಂದರೆ ಅವನ ಹೆಂಡತಿ. ಆ ಶಿಸ್ತು ಒಲೆಯ ಮೇಲೂ ಕಾಣುತ್ತಿತ್ತು. ಬೇರೆ ಮನೆಯ ಒಲೆ ಬಿಚ್ಚಿದರೆ ಫ್ಯಾನಿನ ರೆಕ್ಕೆಗೆ ಬೂದಿ, ಜೇಡರ ಬಲೆ, ಸತ್ತ ನುಸಿಗಳ ರೆಕ್ಕೆಗಳು ಮೆತ್ತಿರುತ್ತಿದ್ದವು. ಕಾಡಸಿದ್ದಪ್ಪ ಬಾಯಿಂದ ಉಫ್ ಎಂದು ಊದಿ ಕೆಲಸ ಶುರುಮಾಡುತ್ತಿದ್ದ. ಈ ಒಲೆಯ ಫ್ಯಾನು ಮಾತ್ರ ಪ್ರತಿ ಸಲವೂ ತೊಳೆದಿಟ್ಟ ತಾಟಿನಂತೆ ಬೆಳ್ಳಗೆ ಹೊಳೆಯುತ್ತಿತ್ತು. ಇಷ್ಟು ಚೊಕ್ಕಟ ಇಡುವವರ ಮನೆಯ ಮೋಟರೇ ಹೀಗೆ ಸುಟ್ಟುಹೋಗುವುದೆಂದರೆ?

ಅವನಿಗೆ ತಲೆಬುಡ ತಿಳಿಯಲಿಲ್ಲ. ಸಾಂಗ್ಲಿವಾಡಿಯ ಕರೆಂಟು ಸರಿಯಿಲ್ಲ ಎಂದುಕೊಂಡ. ಗುಳಿಗೆಯಲ್ಲಿ ಮಣ್ಣು ಬೆರೆಸಿದ್ದಾರೆ ಎಂದುಕೊಂಡ. ಹೊಳೆಯ ಥಂಡಿ ಗಾಳಿ ಎಂದುಕೊಂಡ. ಕಡೆಗೆ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಆ ಗಾದೆ ನೆನಪಾಗಿ ಅವನಿಗೇ ನಾಚಿಕೆಯಾಯಿತು. ಪಕ್ಕದಲ್ಲಿ ಬಿಡಿಭಾಗ ಮಾರುವ ಬಾಪೂಸಾಹೇಬ ಉರಿಯುವ ಬೆಂಕಿಗೆ ತುಪ್ಪ ಸುರಿದ.

"ಕಾಡಸಿದ್ದ, ಮೋಟರ್ ಹೊಸಾವು. ಕಿವಿ ಹಳೇವಾಗಿರಬೇಕ ನೋಡು."

ಅದು ಚೇಷ್ಟೆಯ ಮಾತು. ಆದರೆ ನಾಟಿತು. ನಿಜವಾಗಿ ತನಗೆ ಕೇಳಬೇಕಾದ ಸದ್ದು ಕೇಳುತ್ತಿಲ್ಲವೇ? ವಯಸ್ಸಾದಂತೆ, ಸವೆಯುತ್ತಿರುವ ಮೋಟರಿನ ತೆಳ್ಳನೆಯ ಕೀರಲು ಎಲ್ಲಕ್ಕಿಂತ ಮೊದಲು ಕಿವಿಯಿಂದ ಜಾರಿಹೋಗುತ್ತದೆಂದು ಅವನ ಗುರು ಧೋಂಡಿಬಾ ಹೇಳುತ್ತಿದ್ದ. ಧೋಂಡಿಬಾ ಅಂಗಡಿ ಬಿಟ್ಟದ್ದೂ ಅದೇ ಕಾರಣಕ್ಕೆ. ಕಾಡಸಿದ್ದಪ್ಪನಿಗೆ ಹೆದರಿಕೆಯಾಯಿತು. ಕಿವಿ ಹೋದ ಮೇಲೆ ತನ್ನ ಹತ್ತಿರ ಉಳಿಯುವುದೇನು, ಒಂದು ಸ್ಕ್ರೂಡ್ರೈವರು.

ಊಟಕ್ಕೆ ಕೂತಾಗ ಹೆಂಡತಿ ಬೀರವ್ವನಿಗೆ ಹೇಳಿದ: "ಇದೊಂದ ಒಲಿ ಕೊಟ್ಟ ಬರ್ತೀನಿ. ನನ್ನ ಕೈಲಿ ಆಗಂಗಿಲ್ಲಂತ ಹೇಳಿ, ಅಂಗಡಿ ಬಾಗಲಾ ಹಾಕ್ತೀನಿ. ಕಿವಿ ಕೇಳಸವಲ್ದು."

"ನಾ ಕರದದ್ದ ಲಗ್ನಾದಾಗಿಂದ ಕೇಳಸಿಲ್ಲ ನಿಮಗ," ಎಂದಳು ಬೀರವ್ವ. "ಅದಕ್ಕ ಬಾಗಲಾ ಹಾಕೂದಿದ್ರ ಯಾವಾಗೋ ಹಾಕಬೇಕಾಗಿತ್ತು."

ಅವನು ನಗಲಿಲ್ಲ. ಅವಳು ಇನ್ನೊಂದು ರೊಟ್ಟಿ ಬಡಿಸಿದಳು.

ಮತ್ತೊಂದು ಹೊಸ ಮೋಟರ್ ಹಾಕಿ, ಒಲೆಯನ್ನು ಚೀಲದಲ್ಲಿ ಕಟ್ಟಿಕೊಂಡು, ಬಸ್ಸು ಹತ್ತಿ, ಕೃಷ್ಣೆಯ ಸೇತುವೆ ದಾಟಿ ಕಾಡಸಿದ್ದಪ್ಪ ತಾನೇ ಸಾಂಗ್ಲಿವಾಡಿಗೆ ಹೋದ. ಮಹಾವೀರ ಹೊಲಕ್ಕೆ ಹೋಗಿದ್ದ. ಶಾಲನ ಹೊರಬಂದು ಪಡಸಾಲೆಯಲ್ಲಿ ಚಾಪೆ ಹಾಸಿದಳು.

"ಬರ್ರಿ ಕಾಕಾ, ಕುಂದ್ರಿ. ನೀವ ಯಾಕ ತರಾಕ ಹ್ವಾದ್ರಿ? ಇದರ ಮ್ಯಾಲೇ ಚಾ ಮಾಡ್ತೀನಿ, ಕುಡದ ಹೋಗಂತ್ರಿ."

ಅವನು ಹೇಳಬೇಕಾದ್ದು ಬಾಯಿಗೆ ಬರುವಷ್ಟರಲ್ಲಿ ಅವಳು ಒಲೆ ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು. ಒಳಗೆ ಹೋಗಿ ಹೇಳುವಂತಿಲ್ಲ. ಗಂಡನಿಗೇ ಇಲ್ಲದ ದಾರಿ ಇವನಿಗೆಲ್ಲಿಯದು? ಚಾಪೆಯ ಅಂಚು ಕೀಳುತ್ತ, 'ಅಕ್ಕಾರ, ಬ್ಯಾರೆ ಯಾರಿಗರ ತೋರಸ್ರಿ' ಎಂಬ ಮಾತನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುತ್ತ ಕೂತ.

ಒಳಗೆ ಒಲೆ ಹೊತ್ತಿತು. ಮೋಟರಿನ ಸದ್ದು ಬಂತು, ಅಂಗಡಿಯಲ್ಲಿ ಕೇಳಿದ ಅದೇ ಸದ್ದು. ಸ್ವಲ್ಪ ಹೊತ್ತಾಯಿತು. ಇದ್ದಕ್ಕಿದ್ದಂತೆ ಅದು ತೆಳ್ಳಗಾಗಿ, ಮೇಲಕ್ಕೇರಿ, ಕೀಂಯ್ ಎನ್ನತೊಡಗಿತು.

ಕಾಡಸಿದ್ದಪ್ಪ ಬೆಚ್ಚಿಬಿದ್ದ. ಕಿವಿಯೊಳಗೇ ಏನೋ ಕೀಂಯ್ ಎನ್ನುತ್ತಿರಬೇಕು ಎಂದು ಎರಡೂ ಕಿವಿಗಳನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿದ. ಸದ್ದು ನಿಂತಿತು. ಕೈ ತೆಗೆದ. ಬಂತು. ಮತ್ತೆ ಮುಚ್ಚಿದ, ತೆಗೆದ. ಸದ್ದು ಅಡಿಗೆಮನೆಯಿಂದಲೇ ಬರುತ್ತಿತ್ತು. ಅದು ಭಾರ ಎಳೆಯುವ ಮೋಟರಿನ ಸದ್ದಲ್ಲ. ಗಾಳಿ ಸಿಗದೆ ಬರಿದೇ ಜೋರಾಗಿ ತಿರುಗುವ ಮೋಟರಿನದು.

"ಅಕ್ಕಾರ," ಎಂದು ಕೂತಲ್ಲಿಂದಲೇ ಕೂಗಿದ. "ಈಗ ಒಲಿಗೆ ಏನ ಮಾಡಿದ್ರಿ?"

"ಏನೂ ಇಲ್ಲರಿ, ಚಾದ ನೀರ ಇಟ್ಟೆ."

"ಅದಕ್ಕಿಂತ ಮೊದಲ?"

"ಮೊದಲ? ಬೆಂಕಿ ಹತ್ತಿದ ಮ್ಯಾಲೆ ಬಟ್ಟಿ ಕಟ್ಟಿದೆ."

ತಂದು ತೋರಿಸಿ ಎಂಬ ಅವನ ಹಟಕ್ಕೆ ಸೋತು ಅವಳು ಒಲೆಯನ್ನು ಹಿಡಿಕೆ ಹಿಡಿದು ಹೊಸ್ತಿಲ ತನಕ ತಂದಿಟ್ಟಳು. ಫ್ಯಾನಿನ ಬಾಯಿಗೆ, ನೀರು ಸೋಸುವ ದಪ್ಪ ಬಿಳಿ ಬಟ್ಟೆ. ಎರಡು ಮಡಿಕೆ ಹಾಕಿ ದಾರದಿಂದ ಬಿಗಿದಿದ್ದಳು. ಫ್ಯಾನು ಎಳೆಯುವ ಗಾಳಿಯೇ ಮೋಟರನ್ನು ತಣ್ಣಗಿಡಬೇಕು. ಆ ಗಾಳಿಗೆ ದಾರಿಯಿಲ್ಲ, ಮೇಲಿನಿಂದ ಬೆಂಕಿಯ ಕಾವು. ಮೋಟರು ಬೇಯದೆ ಏನು ಮಾಡೀತು?

"ಇದ್ಯಾಕ್ರಿ ಇದು?"

"ಹುಳಾ ಹುಪ್ಪಡಿ ಗಾಳಿ ಕೂಡ ಒಳಗ ಹೋಗಿ ಬೆಂಕ್ಯಾಗ ಬೀಳ್ತಾವಲ್ರಿ. ನೀರ ಸೋಸಿ ಕುಡಿಯೂ ಜೈನ ಮಂದಿ ನಾವು. ಒಲಿಗೆ ಹಂಗ ಬಿಡೂದ ಹೆಂಗ?"

"ನಮ್ಮ ಅಂಗಡಿಗೆ ಕಳಸೂವಾಗ ಇದು ಇರತಿದ್ದಿಲ್ಲಲ್ರಿ."

"ಸೋಸೂ ಬಟ್ಟಿ ಹೊರಗ ಕೊಡ್ತಾರೇನ್ರಿ? ಬಿಚ್ಚಿ ತೊಳದ ಒಣಾ ಹಾಕ್ತಿದ್ದೆ. ಅದು ಒಲೀದಲ್ಲ, ಅಡಗಿಮನೀದು."

"ಮೊದಲ ಹೇಳಬೇಕಿಲ್ಲರಿ ಅಕ್ಕಾರ."

"ನೀವ ಕೇಳಲಿಲ್ಲಲ್ರಿ."

ಸಿಟ್ಟು ಬಂದದ್ದು ನಿಜ. ಎಷ್ಟು ಮೋಟರು, ಎಷ್ಟು ನಿದ್ದೆ ಹಾಳಾಗಿತ್ತು. ಆದರೆ ಬಟ್ಟೆಯಿಂದಲೇ ಮೋಟರ್ ಸುಡುತ್ತಿದೆ ಎಂದು ಅವನು ಹೇಳಿದಾಗ ಶಾಲನಳ ಮುಖ ಸಣ್ಣದಾಯಿತು. "ಹಂಗಾರ ಈ ಒಲಿ ನನಗ ಬ್ಯಾಡ್ರಿ. ಬಟ್ಟಿ ಬಿಡಾಕ ನನ್ನಿಂದ ಆಗಂಗಿಲ್ಲ," ಎಂದಳು. ಅವನ ಸಿಟ್ಟು ಅಲ್ಲೇ ಗೊಂದಲವಾಯಿತು. ತೊಳೆದ ತಾಟಿನಂಥ ಆ ಫ್ಯಾನು ಕಣ್ಣ ಮುಂದೆ ಬಂತು. ತಾನು ಉಫ್ ಎಂದು ಊದಿ ಹಾರಿಸಿದ ರೆಕ್ಕೆಗಳೆಲ್ಲ ಒಂದೊಂದು ಜೀವದ್ದೆಂದು ತಾನೊಮ್ಮೆಯೂ ಯೋಚಿಸಿರಲಿಲ್ಲ. ಯಾರು ಸರಿ, ಯಾರು ತಪ್ಪು, ಅವನಿಗೆ ಹೊಳೆಯಲಿಲ್ಲ. ಹೊಳೆದದ್ದು ಕೆಲಸ ಮಾತ್ರ.

"ಹಳೇ ಸಾಣಿಗಿ ಐತೇನ್ರಿ? ಹಿಟ್ಟ ಜರಡಿ ಹಿಡಿಯೂದು? ಮತ್ತೊಂದ ಎಣ್ಣಿ ಡಬ್ಬಿ."

ಒಲೆ ಆರಿಸಿ, ಡಬ್ಬಿಯ ತಗಡು ಕತ್ತರಿಸಿ, ಒಂದು ಬಾಯಿ ಫ್ಯಾನಿಗೆ ಕೂರುವಂತೆ, ಇನ್ನೊಂದು ಸಾಣಿಗೆಯಷ್ಟು ಅಗಲವಾಗುವಂತೆ ಬಗ್ಗಿಸಿದ. ಆ ಅಗಲದ ಬಾಯಿಗೆ ಜಾಳಿಗೆ ಕಿತ್ತ ಸಾಣಿಗೆಯ ಬಳೆ, ಬಳೆಗೆ ಅವಳ ಬಟ್ಟೆ. ಬಟ್ಟೆ ಅಗಲವಾದರೆ ಗಾಳಿ ಸಾಕಷ್ಟು ಬರುತ್ತದೆ, ಹುಳ ಬರುವುದಿಲ್ಲ. ಬಟ್ಟೆಯನ್ನು ಅವಳೇ ಕಟ್ಟಿದಳು, ಅವನು ಮುಟ್ಟಲಿಲ್ಲ. ಅವಳು ಒಲೆ ಎತ್ತಿಕೊಂಡು ಒಳಗೆ ಹೋದಳು. ಅವನು ಚಾಪೆಗೆ ಮರಳಿದ.

ಒಲೆ ಹೊತ್ತಿತು. ಬೀಸುವ ಕಲ್ಲಿನ ಸದ್ದು ಬಂತು. ಅವನು ಕಾದ. ಸದ್ದು ಏರಲಿಲ್ಲ, ಹಾಗೆಯೇ ಇತ್ತು, ಚಹಾ ಕುದಿಯುವ ತನಕವೂ ಹಾಗೆಯೇ ಇತ್ತು.

ಶಾಲನ ಬಟ್ಟಲು ಹಿಡಿದು ಬಂದಾಗ ಕಾಡಸಿದ್ದಪ್ಪನ ಕಣ್ಣಲ್ಲಿ ನೀರಿತ್ತು. ಅವಳು ಗಾಬರಿಯಾದಳು.

"ಯಾಕ್ರಿ ಕಾಕಾ? ಮತ್ತ ಕೆಟ್ಟತೇನು?"

"ಇಲ್ಲರಿ ಅಕ್ಕಾರ," ಎಂದ ಅವನು ಬಟ್ಟಲು ತೆಗೆದುಕೊಳ್ಳುತ್ತ. "ನನಗ ಕೇಳಸ್ತೈತಿ."